ಲಿವರ್ ಕೈಕೊಟ್ಟಾಗ ಮೈ ತಣ್ಣಗೆ ಮಾಡೋದು ಯಾಕೆ?

ಜ್ವರ, ತಲೆನೋವು ಅಂದ್ರೆ ನಾವೆಲ್ಲ ಮೊದಲು ನುಂಗೋದು ಪ್ಯಾರಸಿಟಮಾಲ್. ಹೇಳಿದಷ್ಟೇ ತಗೊಂಡ್ರೆ ಸುರಕ್ಷಿತ. ಮಿತಿ ಮೀರಿದ್ರೆ ಲಿವರ್ ಹಾಳಾಗಿ ಜೀವಕ್ಕೇ ಕುತ್ತು. ಅಂಥ ಕೆಲವು ರೋಗಿಗಳ ಮೈಯನ್ನು ವೈದ್ಯರು 32-33 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗೆ ಮಾಡ್ತಾರೆ. ಯಾಕೆ ಅಂತ ಇವತ್ತು ಹೇಳ್ತೀನಿ.

ಲಿವರ್‌ನಲ್ಲಿ ಈ ಔಷಧದ ಸ್ವಲ್ಪ ಭಾಗ ವಿಷವಾಗಿ ಬದಲಾಗುತ್ತದೆ. ಗ್ಲುಟಾಥಯೋನ್ ಅನ್ನೋ ವಸ್ತು ಅದನ್ನು ಅಲ್ಲೇ ಅಡಗಿಸುತ್ತದೆ. ಔಷಧ ಅತಿಯಾದ್ರೆ ಗ್ಲುಟಾಥಯೋನ್ ಖಾಲಿಯಾಗಿ, ವಿಷ ಲಿವರ್‌ನ ಕೋಶಗಳನ್ನೇ ಕೊಲ್ಲುತ್ತದೆ. ಆಗ ರಕ್ತದಲ್ಲಿ ಅಮೋನಿಯಾ ಏರಿ ಮಿದುಳು ಊದಿಕೊಳ್ಳಬಹುದು. ತಲೆಬುರುಡೆ ಹಿಗ್ಗೋದಿಲ್ಲವಲ್ಲ, ಒಳಗೆ ಒತ್ತಡ ಏರುತ್ತದೆ.

ಮೈ ತಣ್ಣಗಾದ್ರೆ ಮಿದುಳಿಗೆ ಹೋಗೋ ರಕ್ತ, ಅಮೋನಿಯಾ ಎರಡೂ ಕಡಿಮೆಯಾಗಿ ಒತ್ತಡ ಇಳಿಯುತ್ತದೆ. 1999ರಲ್ಲಿ ಎಡಿನ್‌ಬರೋದ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ 7 ರೋಗಿಗಳ ಬಗ್ಗೆ ಬರೆದರು. ಬೇರೆ ಚಿಕಿತ್ಸೆಗೆ ಬಗ್ಗದ ಒತ್ತಡ ತಂಪಿಗೆ ಇಳಿದಿತ್ತು. ಲಿವರ್ ಕಸಿ ಮಾಡಬಹುದಾಗಿದ್ದ 4 ಮಂದಿ ಕಸಿ ಆಗೋವರೆಗೂ ಉಳಿದರು. ಕಸಿ ಸಾಧ್ಯವಿಲ್ಲದ 3 ಮಂದಿ, ಮೈ ಮತ್ತೆ ಬೆಚ್ಚಗಾದ ಮೇಲೆ ತೀರಿಕೊಂಡರು. ತಂಪು ಕೊಟ್ಟಿದ್ದು ಒಂದಿಷ್ಟು ಸಮಯ ಮಾತ್ರ.

ಹಾಗಾದ್ರೆ ಒತ್ತಡ ಏರೋ ಮೊದಲೇ ತಣ್ಣಗೆ ಮಾಡಿದ್ರೆ? 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರನ್ನು 34, ಉಳಿದವರನ್ನು 36 ಡಿಗ್ರಿಯಲ್ಲಿ ಇಟ್ಟು ನೋಡಿದರು. ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೂ ಅಲ್ಲದೆ ತಂಪಿನಿಂದ ಸೋಂಕು, ರಕ್ತಸ್ರಾವ, ಹೃದಯದ ಬಡಿತ ಏರುಪೇರಾಗೋ ಅಪಾಯ ಇದೆ. ಇದು ಐಸಿಯುನಲ್ಲಿ, ಬೇರೆ ದಾರಿ ಉಳಿಯದಾಗ ಮಾಡೋ ಕೆಲಸ. ಮನೆಯಲ್ಲಿ ಐಸ್ ಇಟ್ಟು ಪ್ರಯೋಜನ ಇಲ್ಲ.

ಲಿವರ್ ಉಳಿಸೋ ಔಷಧ ಬೇರೆ ಇದೆ: ಎನ್-ಅಸಿಟೈಲ್‌ಸಿಸ್ಟೀನ್. ಖಾಲಿಯಾದ ಗ್ಲುಟಾಥಯೋನನ್ನು ಇದು ಮತ್ತೆ ತುಂಬಿಸುತ್ತದೆ. ಮಾತ್ರೆ ಹೆಚ್ಚಾದ 8 ಗಂಟೆಯೊಳಗೆ ಕೊಟ್ಟರೆ ಲಿವರ್ ಬಹುಪಾಲು ಉಳಿಯುತ್ತದೆ. ತಡವಾದ್ರೂ ಕೊಡ್ತಾರೆ, ಆದ್ರೆ ಪರಿಣಾಮ ಕಡಿಮೆ. ಮೋಸ ಎಲ್ಲಿದೆ ಗೊತ್ತಾ? ಮೊದಲ 24 ಗಂಟೆ ಮನುಷ್ಯ ಆರಾಮಾಗೇ ಕಾಣಬಹುದು. ‘ಚೆನ್ನಾಗೇ ಇದ್ದಾನಲ್ಲ’ ಅಂತ ಕಾಯೋ ಹೊತ್ತಲ್ಲೇ ಔಷಧದ ಸಮಯ ಮೀರುತ್ತದೆ.

ಅದಕ್ಕೇ ಕೇಳ್ಕೋತೀನಿ: ಶೀತದ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರಬಹುದು, ಸ್ಟ್ರಿಪ್ ಓದಿ. ಯಾರಾದ್ರೂ ಹೆಚ್ಚು ನುಂಗಿದ್ದು ಗೊತ್ತಾದ್ರೆ, ಬೇಕಂತಲೇ ಆಗಲಿ ತಪ್ಪಿ ಆಗಲಿ, ಬೈತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಹೋಗಿ. ಮನಸ್ಸು ಭಾರವಾಗಿದ್ರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾತಾಡಬಹುದು.