‘ಹತ್ತು’ ಹತ್ತಿದ ದಾರಿ

ಇಂಗ್ಲಿಷಿನ ‘ಟೇಕ್’ ಎಂಬ ಕ್ರಿಯಾಪದಕ್ಕೆ ‘ಆಫ್’, ‘ಅಪ್’ ಮುಂತಾದ ಚಿಕ್ಕ ಪದಗಳು ಸೇರಿದೊಡನೆ ಅರ್ಥವೇ ಬದಲಾಗುತ್ತದೆ. ಕನ್ನಡವು ಇಂಥದೇ ಕೆಲಸವನ್ನು ಬಹುಮಟ್ಟಿಗೆ ಕ್ರಿಯಾಪದಕ್ಕೆ ನಾಮಪದವನ್ನೋ ಮತ್ತೊಂದು ಕ್ರಿಯಾಪದವನ್ನೋ ಕೂಡಿಸಿ ಸಾಧಿಸುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಆಡುಮಾತಿನಲ್ಲಿ ಹೀಗೆ ಬಿಡುವಿಲ್ಲದೆ ದುಡಿಯುವ ಪದ ‘ಹತ್ತು’.

ಹಳಗನ್ನಡದಲ್ಲಿ ಇದರ ರೂಪ ‘ಪತ್ತು’, ಅಂದರೆ ಅಂಟಿಕೊಳ್ಳು, ಏರು. ಪದಾದಿಯ ಪಕಾರವು ಹಕಾರವಾದ ಕಾಲದಲ್ಲಿ ಅದು ‘ಹತ್ತು’ ಆಯಿತು. ಅಂಟುವ ಈ ಅರ್ಥದಿಂದಲೇ ಬೆಂಕಿ ಹತ್ತುವುದು, ಅನ್ನದ ತಳ ಹತ್ತುವುದು, ನಿದ್ದೆ ಹತ್ತುವುದು, ಒಬ್ಬರ ಬೆನ್ನು ಹತ್ತುವುದು ಮೂಡಿದವು. ‘ಎಷ್ಟು ರೊಕ್ಕ ಹತ್ತತೈತಿ?’ ಎಂಬಲ್ಲಿ ಅದು ಖರ್ಚಿನ ಲೆಕ್ಕಕ್ಕೂ ಇಳಿದಿದೆ. ಇದರ ಪ್ರೇರಣಾರ್ಥಕ ರೂಪ, ಅಂದರೆ ಕೆಲಸವನ್ನು ಆಗುವಂತೆ ಮಾಡುವ ರೂಪ, ‘ಹಚ್ಚು’: ದೀಪ ಹಚ್ಚುವುದು, ಸಸಿ ಹಚ್ಚುವುದು.

ವ್ಯಾಕರಣದ ದೃಷ್ಟಿಯಿಂದ ಹೆಚ್ಚು ಕುತೂಹಲದ ಸಂಗತಿ ಇದರ ಮುಂದಿನದು. ಕೆಲಸಕ್ಕೆ ಅಂಟಿಕೊಳ್ಳುವುದೆಂದರೆ ಅದನ್ನು ಆರಂಭಿಸುವುದೂ ಹೌದಾದ್ದರಿಂದ ‘ಮಾಡಾಕ ಹತ್ತಿದ’ ಎಂದರೆ ಮಾಡತೊಡಗಿದ ಎಂದಾಯಿತು. ಅದಕ್ಕೆ ‘ಇರು’ ಧಾತು ಸೇರಿ, ‘ಮಾಡಾಕ ಹತ್ತಿ ಇದ್ದಾನೆ’ ಎಂಬಂಥ ರಚನೆ ಸವೆದು ‘ಮಾಡಾಕತ್ಯಾನ’ ಆದಾಗ, ತೊಡಗಿ ಅದರಲ್ಲೇ ಇದ್ದಾನೆ ಎಂಬ ಭಾವ ನೆಲೆಗೊಂಡು, ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ಪ್ರತ್ಯಯದಂತೆಯೇ ಅದು ಬಳಕೆಗೆ ಬಂತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಗದ್ದೆಗಳಲ್ಲಿ ‘ಸಸಿ ಹಚ್ಚಾಕತ್ಯಾರ’ ಎಂದಾಗ, ಮೊದಲರ್ಧದಲ್ಲಿ ಈ ಧಾತುವು ಕೆಸರಿಗೆ ಸಸಿಯನ್ನು ಊರಿದರೆ ಎರಡನೆಯ ಅರ್ಧದಲ್ಲಿ ಅದೇ ಧಾತು ಬರಿಯ ಕಾಲಸೂಚಕವಾಗಿದೆ. ‘ಮಳಿ ಬರಾಕತ್ತೈತಿ’ ಎನ್ನುವಾಗಲಂತೂ ಏರುವ, ಅಂಟುವ ಯಾವ ನೆನಪೂ ಆಡುವವರಿಗಿರುವುದಿಲ್ಲ.

ಈ ಬೆಳವಣಿಗೆಯಲ್ಲಿ ನೆರೆಭಾಷೆಗಳ ಪಾಲೂ ಇರಬಹುದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಉರ್ದು ಆಡಳಿತದ ಭಾಷೆಯಾಗಿತ್ತು. ಉರ್ದುವಿನ ‘ಲಗ್‌ನಾ’, ಮರಾಠಿಯ ‘ಲಾಗಣೆ’ ಕೂಡ ಅಂಟುವುದು, ಬೆಂಕಿ ಹತ್ತುವುದು, ಹಣ ತಗಲುವುದು, ಕೆಲಸಕ್ಕೆ ತೊಡಗುವುದು ಎಂಬ ಅರ್ಥಗಳನ್ನೆಲ್ಲ ಹೊತ್ತಿವೆ. ಆದರೆ ಅಷ್ಟರಿಂದಲೇ ಇದನ್ನು ಎರವಲೆಂದು ತೀರ್ಮಾನಿಸುವುದು ಅವಸರವಾದೀತು, ಏಕೆಂದರೆ ಧಾತು ಅಚ್ಚ ದ್ರಾವಿಡದ್ದು, ಮತ್ತು ಆ ಎರಡು ಭಾಷೆಗಳಲ್ಲಿ ಈ ರಚನೆ ಮುಖ್ಯವಾಗಿ ಆರಂಭವನ್ನೇ ಸೂಚಿಸುತ್ತ ಉಳಿದಿರುವಾಗ ಉತ್ತರದ ಕನ್ನಡ ಅದನ್ನು ದಾಟಿ ವರ್ತಮಾನದವರೆಗೂ ಸಾಗಿದೆ.

ಬರವಣಿಗೆಯ ಕನ್ನಡ ಇಲ್ಲಿ ಅರ್ಧ ದಾರಿಗೇ ನಿಂತಿದೆ: ‘ಅಳಹತ್ತಿದಳು’, ‘ನಡೆಯಹತ್ತಿದನು’ ಎಂಬ ಆರಂಭಸೂಚಕ ರೂಪಗಳನ್ನು ಅದು ಒಪ್ಪಿಕೊಂಡಿದೆ, ‘ಅಳಾಕತ್ಯಾಳ’ ಮಾತ್ರ ಕಥೆ, ನಾಟಕಗಳ ಸಂಭಾಷಣೆಯಲ್ಲಷ್ಟೇ ಅಚ್ಚಾಗುತ್ತದೆ.