ಜಗಲಿ ಮೊದಲು ಖಾಲಿ ಆಗಬೇಕು

ಹೋದ ವರ್ಷದ ಯುಗಾದಿ ಮಾರ್ಚ್ 30ಕ್ಕೆ, ಭಾನುವಾರ ಬಂದಿತ್ತು. ಮಂಗಳವಾರದಿಂದ ಇಂಟರ್ನಲ್ಸ್. ಹಾಗಾಗಿ ನಾವು ನಾಲ್ವರೂ ಊರಿಗೆ ಹೋಗಲಿಲ್ಲ. ನಾವು ಹಾವೇರಿ ಜಿಲ್ಲೆಯವರು: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ತಾಲೂಕಿಗೆ ಒಬ್ಬರಂತೆ. ಹಬ್ಬ ಬಿಡೋಕೆ ಮನಸ್ಸು ಬರದೆ ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಮಾವಿನ ತೋರಣ, ರಂಗೋಲಿ ಸ್ಟಿಕರ್, ಬ್ಯಾಟರಿ ದೀಪ ತರಿಸಿದೆವು. ಹಾಸ್ಟೆಲ್ ರೂಮಿನ ಕಪಾಟಿನ ಮೇಲೆ ಗಣಪತಿ ಫೋಟೋ ಇಟ್ಟು, ಸುತ್ತ ಇದನ್ನೆಲ್ಲ ಅಂಟಿಸಿ, ಹಾನಗಲ್ಲಿನ ಗೆಳೆಯನ ಅಜ್ಜಿಗೆ ವಿಡಿಯೋ ಕಾಲ್ ಮಾಡಿದೆವು. ಶಹಬ್ಬಾಸ್ ಅಂತಾರೆ ಅಂದ್ಕೊಂಡಿದ್ವಿ. ಅಜ್ಜಿ ಫೋನನ್ನ ಕಣ್ಣಿನ ಹತ್ತಿರ ಹಿಡಿದು ನೋಡಿ, "ಚಂದ ಕಾಣಾಕತ್ತೈತಿ. ಆದ್ರ ಫೋಟೋದ ಮ್ಯಾಲಿನ ಧೂಳ ಹಂಗ ಐತಲ್ಲೋ ತಮ್ಮಾ. ಜಗಲಿ ತೊಳೀದ ಹಬ್ಬ ಮಾಡೀರಿ" ಅಂದರು.

ನಾಲ್ಕೂ ಜನ ಎಂಜಿನಿಯರಿಂಗ್ ಓದ್ತಿದ್ದೀವಿ, ಒಂದು ಫೋಟೋ ಒರೆಸೋದು ಹೊಳೆದಿರಲಿಲ್ಲ. ಈ ಸಂಕ್ರಾಂತಿ ರಜೆಯಲ್ಲಿ ನಾಲ್ಕೂ ಮನೆಗಳಿಗೆ ಹೋಗಿ, ಯುಗಾದಿಗೆ ಜಗಲಿ ಹೇಗೆ ಸಿದ್ಧ ಮಾಡ್ತಾರೆ ಅಂತ ಕೂತು ಕೇಳಿದೆವು. ಕೇಳಿದ್ದನ್ನ ಇಲ್ಲಿ ಬರೀತಿದ್ದೀವಿ. ಈ ವರ್ಷದ ಯುಗಾದಿ ಮಾರ್ಚ್ 19, ಗುರುವಾರ. ಇನ್ನೂ ಟೈಮ್ ಇದೆ.

ಮೊದಲು ಒಂದು ಪದದ ವಿಷಯ. ಮೈಸೂರು ಕಡೆಯ ಗೆಳೆಯರಿಗೆ ಜಗಲಿ ಅಂದರೆ ಮನೆ ಮುಂದೆ ಕೂತು ಹರಟೆ ಹೊಡೆಯೋ ಕಟ್ಟೆ. ನಮ್ಮ ಕಡೆ ಜಗಲಿ ಅಂದರೆ ದೇವರ ಜಗಲಿ. ಅಡುಗೆಮನೆಯ ಗೋಡೆಗೋ ಒಳಕೋಣೆಯ ಮೂಲೆಗೋ ಹೊಂದಿಕೊಂಡು ಕಟ್ಟಿದ ಮೆಟ್ಟಿಲಿನಂಥ ಕಟ್ಟೆ ಅದು. ಹಳೇ ಮನೆಗಳಲ್ಲಿ ಮಣ್ಣಿನದು. ಮೇಲೆ ಹಿತ್ತಾಳೆ ದೇವರು, ಫೋಟೋಗಳು, ಸಮೆ, ಗಂಟೆ. ಯಾವ ದೇವರು ಅನ್ನೋದು ಮನೆಯಿಂದ ಮನೆಗೆ ಬದಲಾಗತ್ತೆ. ಲಿಂಗಾಯತರ ಮನೆಯಲ್ಲಿ ಬಸವಣ್ಣನ ಫೋಟೋ, ವಿಭೂತಿ ಗಟ್ಟಿ ಇರತ್ತೆ. ಕೆಲವರ ಮನೆಯಲ್ಲಿ ಸವದತ್ತಿ ಎಲ್ಲವ್ವ, ಇನ್ನು ಕೆಲವರಲ್ಲಿ ದೇವರಗುಡ್ಡದ ಮಾಲತೇಶ. ಶಿಗ್ಗಾವಿ ಗೆಳೆಯನ ಮನೆ ಜಗಲಿಯಲ್ಲಿ ಶಿಶುನಾಳ ಶರೀಫರೂ ಅವರ ಗುರು ಗೋವಿಂದಭಟ್ಟರೂ ಒಂದೇ ಚೌಕಟ್ಟಿನಲ್ಲಿದ್ದಾರೆ. ಶಿಶುವಿನಾಳ ಅದೇ ತಾಲೂಕಿನ ಊರು. ನಾವು ಅಚ್ಚರಿಯಿಂದ ಫೋಟೋ ತೆಗೆದರೆ ಅವರ ಅವ್ವ, "ಇದರಾಗ ಏನೈತ್ರಿ, ಮೊದಲಿಂದ ಇಲ್ಲೇ ಅದಾರ" ಅಂದರು.

ಹಾನಗಲ್ಲಿನ ಜಗಲಿಯ ವಿಷಯ ಸ್ವಲ್ಪ ಬೇರೆ. ಆ ಮನೆಯನ್ನ ಈ ಬೇಸಿಗೆಯಲ್ಲಿ ಕೆಡವುತ್ತಾರೆ. ಗೋಡೆ ಬಿರುಕು ಬಿಟ್ಟಿದೆ, ಮಳೆಗಾಲ ತಡೆಯಲ್ಲ, ಆರ್‌ಸಿಸಿ ಮನೆ ಕಟ್ಟಿಸ್ತಿದ್ದಾರೆ. ಹೊಸ ಮನೆಗೆ ಅಂಗಡಿಯಿಂದ ಬಿಳಿ ಮಾರ್ಬಲ್ಲಿನ ರೆಡಿಮೇಡ್ ಮಂಟಪ ಬರತ್ತೆ. ಅಂದರೆ ಈ ಯುಗಾದಿಯೇ ಆ ಮಣ್ಣಿನ ಜಗಲಿಗೆ ಕೊನೇ ಯುಗಾದಿ. ಅಜ್ಜಿಗೆ ಮೊಣಕಾಲು ನೋವು, ಈಗ ಕೆಳಗೆ ಕೂತು ಕೆಲಸ ಮಾಡೋಕಾಗಲ್ಲ. ಕುರ್ಚಿಯ ಮೇಲೆ ಕೂತು ಹೇಳಿದರು, ನಾವು ಕೇಳಿದೆವು.

ಅಜ್ಜಿಯ ಪ್ರಕಾರ ಅಲಂಕಾರದ ಮುಕ್ಕಾಲು ಪಾಲು ಕೆಲಸ ಅಂದರೆ ಖಾಲಿ ಮಾಡೋದು. ಹಬ್ಬಕ್ಕೆ ಒಂದೆರಡು ದಿನ ಮೊದಲೇ ದೇವರನ್ನೆಲ್ಲ ಇಳಿಸಿ ಮಣೆಯ ಮೇಲೆ ಬಟ್ಟೆ ಹಾಸಿ ಇಡಬೇಕು. ನಮ್ಮ ಕಡೆಯಿಂದ ಒಂದು ಸೇರಿಸ್ತೀವಿ: ಇಳಿಸೋ ಮುಂಚೆ ಫೋನಿನಲ್ಲಿ ಒಂದು ಫೋಟೋ ತಗೊಳ್ಳಿ. ಯಾರ ಪಕ್ಕ ಯಾರು ಅನ್ನೋದು ಅಜ್ಜಿಯಂದಿರಿಗೆ ನೆನಪಿರತ್ತೆ, ನಮಗಿರಲ್ಲ. ಒಣಗಿದ ಹಳೇ ತೋರಣ, ಕಳೆದ ಹಬ್ಬದ ಹೂವು, ಊದಿನಕಡ್ಡಿಯ ಬೂದಿ ಎಲ್ಲ ಗಿಡದ ಬುಡಕ್ಕೆ. ಮೂರು ವರ್ಷದ ಹಿಂದಿನ ಕ್ಯಾಲೆಂಡರಿನಲ್ಲಿ ಲಕ್ಷ್ಮಿ ಚಿತ್ರ ಇದೆ ಅಂತ ಎಸೆಯೋಕೆ ಹೆದರಿ ಇಟ್ಟುಕೊಂಡಿರ್ತೀವಲ್ಲ, ಅಂಥವು ಪ್ರತಿ ಮನೆಯಲ್ಲೂ ಸಿಕ್ಕವು. ಒಂದು ಮನೆಯಲ್ಲಿ ಏಳು.

ಹಿತ್ತಾಳೆ, ತಾಮ್ರದ ಸಾಮಾನು ಹುಣಸೆಹಣ್ಣಿನಿಂದ ತಿಕ್ಕಬೇಕು. ಇಲ್ಲಿ ನಮ್ಮ ಕೆಮಿಸ್ಟ್ರಿ ಕೆಲಸಕ್ಕೆ ಬಂತು. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಇರತ್ತೆ. ಲೋಹದ ಮೇಲೆ ಕಪ್ಪಗೆ ಕೂತ ಆಕ್ಸೈಡ್ ಪದರವನ್ನ ಅದು ಕರಗಿಸತ್ತೆ, ಕೆಳಗಿನ ಹೊಳಪು ಕಾಣತ್ತೆ. ಆದರೆ ಹುಣಸೆ ಹಚ್ಚಿ ಮರೆತು ಗಂಟೆಗಟ್ಟಲೆ ಬಿಟ್ಟರೆ ಹಿತ್ತಾಳೆಯಲ್ಲಿರೋ ಸತು ಕರಗಿಹೋಗಿ ತಾಮ್ರವಷ್ಟೇ ಉಳಿದು ಗುಲಾಬಿ ಕಲೆ ಬೀಳತ್ತೆ. ಅಜ್ಜಿ ಇದನ್ನೇ "ಬಾಳ ಹೊತ್ತ ಬಿಟ್ರ ದೇವರ ಮಾರಿ ಕೆಂಪಾಕ್ಕೈತಿ" ಅಂತ ಹೇಳಿದರು. ತೊಳೆದ ಮೇಲೆ ಒಣ ಬಟ್ಟೆಯಿಂದ ಪೂರ್ತಿ ಒರೆಸಬೇಕು. ಇಲ್ಲದಿದ್ದರೆ ತೇವ ನಿಂತ ಸಂದಿಯಲ್ಲಿ ಹಸಿರು ಕಿಲುಬು ಹಿಡಿಯತ್ತೆ.

ಜಗಲಿ ಮಣ್ಣಿನದಾದರೆ ಸಗಣಿ ಕಲಸಿದ ನೀರಿನಿಂದ ಸಾರಿಸ್ತಾರೆ. ಆಮೇಲೆ ಅಂಚಿಗೆ ಹುರಮಂಜಿನ ಕೆಂಪು ಪಟ್ಟೆ, ಅದರ ಪಕ್ಕ ಸುಣ್ಣದ ಬಿಳಿ ಗೆರೆ. ಇವೆರಡು ಬಣ್ಣ ಬಿದ್ದ ತಕ್ಷಣ ಇನ್ನೇನೂ ಇಡದಿದ್ದರೂ ಹಬ್ಬ ಬಂದ ಹಾಗೆ ಕಾಣತ್ತೆ. ನಾವು ಹಾನಗಲ್ಲಿನಲ್ಲಿ ಒಂದು ಅಡಿ ಉದ್ದ ಎಳೆದು ನೋಡಿದೆವು. ಗೆರೆ ಇಸಿಜಿ ಥರ ಬಂತು.

ನೆಲ ಸ್ವಲ್ಪ ಹಸಿ ಇರುವಾಗಲೇ ರಂಗೋಲಿ ಹಾಕಬೇಕು, ಪುಡಿ ಕಚ್ಚಿಕೊಳ್ಳತ್ತೆ. ಟೈಲ್ಸ್ ಮೇಲೆ ಈ ಲೆಕ್ಕ ನಡೆಯಲ್ಲ, ಫ್ಯಾನ್ ಹಾಕಿದರೆ ಪದ್ಮ ಮಂಚದ ಕೆಳಗೆ ಹೋಗತ್ತೆ. ಟೈಲ್ಸ್ ಇದ್ದವರು ಸುದ್ದೆ ಅಥವಾ ಸೀಮೆಸುಣ್ಣ ನೀರಲ್ಲಿ ಕಲಸಿ ಹತ್ತಿಯಿಂದ ಬರೆಯಿರಿ. ಜಗಲಿ ಮುಂದೆ ದೊಡ್ಡ ಚಿತ್ತಾರ ಬೇಡ. ಶಂಖ, ಚಕ್ರ, ಪುಟ್ಟ ಪಾದ, ಎಂಟು ದಳದ ಕಮಲ ಸಾಕು. ಹಾನಗಲ್ಲಿಗೆ ಹೋದರೆ ಚಾಲುಕ್ಯರ ಕಾಲದ ತಾರಕೇಶ್ವರ ಗುಡಿ ತಪ್ಪದೆ ನೋಡಿ. ಒಳಗೆ ತಲೆ ಎತ್ತಿದರೆ ಛಾವಣಿಯಲ್ಲಿ ದೊಡ್ಡ ಕಲ್ಲಿನ ಕಮಲ ತೂಗುತ್ತಿದೆ. ಅದನ್ನ ನೋಡಿ ಬಂದ ಮೇಲೆ ಅಜ್ಜಿ ಎರಡು ಬೆರಳ ನಡುವೆ ಪುಡಿ ಹಿಡಿದು ನೆಲಕ್ಕೆ ಬಿಡಿಸಿದ ಕಮಲ, ಆ ಛಾವಣಿಯನ್ನೇ ತಿರುವಿ ಹಾಕಿದ ಹಾಗೆ ಕಂಡಿತು. ಕಂಪಾಸ್ ಇಲ್ಲ, ಸ್ಕೇಲ್ ಇಲ್ಲ. ಎಂಟೂ ದಳ ಒಂದೇ ಅಳತೆ.

ಇನ್ನು ಮಾವಿನ ಎಲೆ. ಹಾನಗಲ್ ತಾಲೂಕಿನ ತುಂಬ ಮಾವಿನ ತೋಟ. ಆದರೂ ಎಲೆ ಕೀಳೋಕೆ ಒಂದು ಶಿಸ್ತಿದೆ. ಯುಗಾದಿ ಹೊತ್ತಿಗೆ ಗಿಡದಲ್ಲಿ ಮಿಡಿ ಇರತ್ತೆ, ತುದಿಯಲ್ಲಿ ತಾಮ್ರದ ಬಣ್ಣದ ಚಿಗುರಿರತ್ತೆ. ಮಿಡಿ ಇರೋ ಟೊಂಗೆಗೆ ಕೈ ಹಾಕಬಾರದು. ಎಳೆ ಚಿಗುರು ಎರಡು ತಾಸಿನಲ್ಲಿ ಜೋತುಬೀಳತ್ತೆ, ಅದೂ ಬೇಡ. ಬಲಿತ ಕಡುಹಸಿರು ಎಲೆ ಬೇಕು. ತೋಟ ಗುತ್ತಿಗೆಗೆ ಕೊಟ್ಟಿದ್ದರೆ ಸ್ವಂತ ಗಿಡವಾದರೂ ಗುತ್ತಿಗೆದಾರರನ್ನ ಒಂದು ಮಾತು ಕೇಳೋದು ಅಲ್ಲಿನ ಮರ್ಯಾದೆ. ತೊಟ್ಟನ್ನ ಹುರಿಗೆ ಸುತ್ತಿ ಬಿಗಿಯಬೇಕು, ಸ್ಟೇಪ್ಲರ್ ಹೊಡೆದರೆ ಎಲೆ ಒಣಗಿ ಕುಗ್ಗಿದಾಗ ಪಿನ್ನು ಹರಿದುಕೊಂಡು ಬೀಳತ್ತೆ. ಕಿತ್ತ ಮಾವಿನ ಎಲೆ ಮನೆಯ ಗಾಳಿ ಶುದ್ಧ ಮಾಡತ್ತೆ ಅಂತ ಪ್ರತಿ ಯುಗಾದಿಗೆ ವಾಟ್ಸ್ಆ್ಯಪ್ ಮೆಸೇಜ್ ಬರತ್ತಲ್ಲ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಬಾಗಿಲಿಗೆ ಕಟ್ಟಿದ ಇಪ್ಪತ್ತು ಎಲೆಯಿಂದ ಗಾಳಿಯಲ್ಲಿ ಲೆಕ್ಕಕ್ಕೆ ಸಿಗೋ ಬದಲಾವಣೆ ಆಗಲ್ಲ. ಮಾವಿನ ಎಲೆ ದಪ್ಪ, ಮೇಲೆ ಮೇಣದಂಥ ಪದರ ಇದೆ, ನೀರು ನಿಧಾನ ಆರತ್ತೆ. ಹಾಗಾಗಿ ಬೇರೆ ಎಲೆಗಿಂತ ಹೆಚ್ಚು ದಿನ ಎಲೆಯಾಗಿಯೇ ಕಾಣತ್ತೆ. ತೋರಣಕ್ಕೆ ಅಷ್ಟು ಸಾಲದೇ?

ಬೇವಿನದು ಬೇರೆ ಕಥೆ. ಚಾಂದ್ರಮಾನ ವರ್ಷ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಅದಕ್ಕೇ 2025ರಲ್ಲಿ ಮಾರ್ಚ್ 30ಕ್ಕೆ ಬಂದ ಯುಗಾದಿ ಈ ಸಲ ಮಾರ್ಚ್ 19ಕ್ಕೆ ಜಾರಿದೆ. ಹೀಗೆ ಬಿಟ್ಟರೆ ಹಬ್ಬ ಚಳಿಗಾಲಕ್ಕೆ ಹೋಗತ್ತೆ ಅಂತ ಮಧ್ಯೆ ಒಂದು ಅಧಿಕ ಮಾಸ ಸೇರಿಸ್ತಾರೆ. ಈ ವರ್ಷ ಅಧಿಕ ಜ್ಯೇಷ್ಠ ಇದೆ, ಆದ್ದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ. ಇದರ ಪರಿಣಾಮ ಜಗಲಿಯ ಮೇಲೆ ಕಾಣತ್ತೆ. ತಡವಾಗಿ ಬಂದ ವರ್ಷ ಬೇವಿನ ಹೂವಿನ ಗೊಂಚಲೇ ಇಡಬಹುದು. ಬೇಗ ಬಂದರೆ ಕೆಲವು ಗಿಡದಲ್ಲಿ ಇನ್ನೂ ಮೊಗ್ಗು, ಚಿಗುರೆಲೆಯಲ್ಲೇ ಸುಧಾರಿಸಬೇಕು. ನಮ್ಮ ಕಡೆ ಬೇವು ಅಂದರೆ ಕುಡಿಯೋದು: ಹುಣಸೆ ನೀರು, ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ಚೂರು, ಮೇಲೆ ಬೇವಿನ ಹೂ. ಅದು ತಂಬಿಗೆಯಲ್ಲಿ ಮೊದಲು ಜಗಲಿಗೆ, ಆಮೇಲೆ ನಮಗೆ.

ಕಳಸದ ವಿಷಯಕ್ಕೆ ನಮ್ಮಲ್ಲೇ ಜಗಳ ಆಯಿತು. ತಾಮ್ರದ ತಂಬಿಗೆ, ನೀರು, ಐದು ಎಲೆ, ಮೇಲೆ ತೆಂಗಿನಕಾಯಿ ಅನ್ನೋವರೆಗೆ ಎಲ್ಲರೂ ಒಪ್ಪಿದೆವು. ಯಾವ ಎಲೆ? ಹಾನಗಲ್ಲಿನವನು ಮಾವು ಅಂದ. ಸವಣೂರಿನವನು ವೀಳ್ಯದೆಲೆ ಅಂದ, ಬಿಟ್ಟುಕೊಡಲಿಲ್ಲ. ಸವಣೂರು ಎಲೆಗೆ ಹೆಸರಾದ ಊರು, ಅವನ ಹಠಕ್ಕೆ ಕಾರಣ ಇದೆ. ಹಿರೇಕೆರೂರಿನ ಮನೆಯಲ್ಲಿ ಕಳಸವೇ ಇಡಲ್ಲ. ಬಿತ್ತನೆಗೆ ಎತ್ತಿಟ್ಟ ಬೀಜ ಒಂದು ಬುಟ್ಟಿಯಲ್ಲಿ ಹಾಕಿ ಜಗಲಿ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಹೊಲಕ್ಕೆ ಹೊನ್ನಾರು ಹೂಡೋಕೆ ಹೋಗ್ತಾರೆ. ಪಕ್ಕದಲ್ಲಿ ಹೊಸ ಪಂಚಾಂಗ. ವಿಶ್ವಾವಸು ಸಂವತ್ಸರ ಮುಗಿದು ಶಕ 1948ರ ಪರಾಭವ ಶುರುವಾಗತ್ತೆ. ನಾಲ್ಕನೇ ಸೆಮ್ ಇರೋ ವರ್ಷಕ್ಕೆ ಇದೇ ಹೆಸರು ಬೇಕಿತ್ತಾ ಅಂತ ನಾವು ನಕ್ಕೆವು. ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರೋ ಹೆಸರು, ಹಿಂದಿನದು 1966ರಲ್ಲಿ. ಅಜ್ಜಿ ಆ ವರ್ಷವೇ ಮದುವೆಯಾಗಿ ಈ ಮನೆಗೆ ಬಂದಿದ್ದು.

ಸವಣೂರಿನ ಮನೆಯಲ್ಲಿ ಯುಗಾದಿ ಸಂಜೆ ಚಂದ್ರನನ್ನ ನೋಡೋವರೆಗೆ ಜಗಲಿಯ ದೀಪ ಆರಬಾರದು. ಹೋದ ವರ್ಷ ಆ ಸಂಜೆ ಅಲ್ಲಿಂದ ಫೋನ್ ಬಂತು: ಇವರು ಮಾಳಿಗೆ ಹತ್ತಿದರೆ ಪಕ್ಕದ ಮಾಳಿಗೆಯಲ್ಲಿ ಮುಸ್ಲಿಂ ಮನೆಯವರೂ ಅದೇ ಪಡುವಣಕ್ಕೆ ಮುಖ ಮಾಡಿ ನಿಂತಿದ್ದಾರೆ. ಇವರಿಗೆ ಯುಗಾದಿ ಚಂದ್ರ, ಅವರಿಗೆ ರಂಜಾನ್ ಚಂದ್ರ. ಕಂಡಿದ್ದು ಒಂದೇ ಗೆರೆ. ಮರುದಿನ ಮಾರ್ಚ್ 31ಕ್ಕೆ ಈದ್ ಆಯಿತು. ಇಸ್ಲಾಮಿ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ, ಹಾಗಾಗಿ ಮುಂದಿನ ವರ್ಷದಿಂದ ಈ ಎರಡೂ ಹಬ್ಬ ದೂರ ಸರಿಯುತ್ತವೆ.

ನಮ್ಮ ಕಡೆ ಇನ್ನೊಂದು ಹೊಸ ವರ್ಷವೂ ಇದೆ, ದೀಪಾವಳಿ ಪಾಡ್ಯ. ಅಂಗಡಿಯವರು ಲೆಕ್ಕದ ಹೊಸ ಪುಸ್ತಕ ಪೂಜೆ ಮಾಡ್ತಾರೆ, ಗುಜರಾತಿಗಳಿಗೆ ಅದೇ ವರ್ಷದ ಮೊದಲ ದಿನ. ಆಗ ಮಲ್ಲಿಗೆ, ಬೇವು ಹುಡುಕಿದರೂ ಪ್ರಯೋಜನ ಇಲ್ಲ. ಜಗಲಿಗೆ ಚೆಂಡು ಹೂವು, ಬಾಗಿಲಿಗೆ ಸಗಣಿಯ ಹಟ್ಟೆವ್ವ, ಉತ್ತರಾಣಿ ಕಡ್ಡಿ. ಅದನ್ನ ನವೆಂಬರ್ ಸಂಚಿಕೆಗೆ ಬರೀತೀವಿ.

ಹಾಸ್ಟೆಲ್‌ನಲ್ಲಿ ಉಳಿಯೋರಿಗೆ: ರೂಮಿನಲ್ಲಿ ಬೆಂಕಿ ಹಚ್ಚಬೇಡಿ, ನಿಯಮವೂ ಹೌದು, ಪಕ್ಕದಲ್ಲಿ ಹಾಸಿಗೆ ಇದೆ ಅನ್ನೋದೂ ಹೌದು. ದೀಪ ಮೆಸ್ಸಿನ ದೇವರ ಮುಂದೆ ಹಚ್ಚಿ. ರೂಮಿನಲ್ಲಿ ಒಂದು ಶೆಲ್ಫ್ ಪೂರ್ತಿ ಖಾಲಿ ಮಾಡಿ, ಹಸಿ ಬಟ್ಟೆಯಿಂದ ಒರೆಸಿ, ಒಣಗೋಕೆ ಬಿಡಿ. ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿ ಅದರ ಮೇಲೆ ರಂಗೋಲಿ ಎಳೆಯಿರಿ. ಒಂದು ಲೋಟ ನೀರು, ಅದರಲ್ಲಿ ಬೇವಿನ ಚಿಗುರು ಎರಡು ಕಡ್ಡಿ. ಬೇವಿನ ಮರ ಮೆಕ್ಯಾನಿಕಲ್ ಬ್ಲಾಕಿನ ಹಿಂದೆ ಇದೆ. ಫೋಟೋ ಒರೆಸಿ.

ಹಾನಗಲ್ಲಿನ ಜಗಲಿಯನ್ನ ನಾವು ಟೇಪ್ ಹಿಡಿದು ಅಳೆದೆವು. ನಾಲ್ಕು ಅಡಿ ಅಗಲ, ಎರಡೂಕಾಲು ಅಡಿ ಎತ್ತರ, ಮೂರು ಮೆಟ್ಟಿಲು, ಎಡಕ್ಕೆ ದೀಪದ ಮಾಡ. ಆಟೋಕ್ಯಾಡ್‌ನಲ್ಲಿ ಬಿಡಿಸೋಕೆ ಕೂತಾಗ ಮೆಟ್ಟಿಲಿನ ಅಂಚಿನಲ್ಲಿ ಸಿಕ್ಕಿಬಿದ್ದೆವು. ವರ್ಷವರ್ಷ ಸಾರಿಸಿ ಸಾರಿಸಿ, ಕೈ ಆಡಿದ ಕಡೆ ಅಂಚು ಉರುಟಾಗಿದೆ. ಬಲಗೈ ಹೆಚ್ಚು ಒತ್ತೋ ಕಡೆ ಜಾಸ್ತಿ, ಎಡಕ್ಕೆ ಕಮ್ಮಿ. ಫಿಲೆಟ್ ರೇಡಿಯಸ್ ಎಷ್ಟು ಅಂತ ಕೊಡೋದು? ಕೊನೆಗೆ ಹದಿನಾಲ್ಕು ಜಾಗದಲ್ಲಿ ಬೇರೆ ಬೇರೆ ಅಳತೆ ತಗೊಂಡೆವು.

ಟೇಪ್ ಸುತ್ತುವಾಗ ಅಜ್ಜಿ ಕೇಳಿದರು, "ಹೊಸ ಮನ್ಯಾಗ ಜಗಲಿ ಮೂಡಣಕ್ಕ ಬರ್ತೈತೇನ?" ಗೆಳೆಯ ಅಪ್ಪನ ಫೋನಿನಲ್ಲಿದ್ದ ಪ್ಲಾನ್ ತೆಗೆದು ದೊಡ್ಡದು ಮಾಡಿ ನೋಡಿದ. ಮೂಡಣ ಗೋಡೆಗೆ ಫ್ರಿಜ್ ಇತ್ತು. ಪ್ಲಾನ್ ಇನ್ನೂ ಪಾಸ್ ಆಗಿಲ್ಲ. ಯುಗಾದಿಗೆ ಊರಿಗೆ ಹೋದಾಗ ಮೊದಲು ಅದನ್ನ ಅಪ್ಪನ ಹತ್ತಿರ ಮಾತಾಡ್ತೀನಿ ಅಂದಿದ್ದಾನೆ. ಈ ಸಲ ನಾವು ಮೂವರೂ ಜೊತೆಗೆ ಹೋಗ್ತಿದ್ದೀವಿ, ಹುರಮಂಜು ಬಳಿಯೋಕೆ.