ಕೋಣೆಗೆ ಕೋಣೆಯೇ ಕ್ರೇನ್ ಏರಿದಾಗ

ಮನೆ ಕಟ್ಟುತ್ತಿರುವ ಯಾವುದೇ ಸೈಟ್ ನೋಡಿ: ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟ್ ಮೂಟೆ, ಸೆಂಟ್ರಿಂಗ್ ಹಲಗೆಯ ಚೂರು. ದುಡ್ಡು ಕೊಟ್ಟು ತಂದದ್ದೇ ಕಸ.

ರಾಂಚಿಯಲ್ಲಿ 2021ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಲೈಟ್ ಹೌಸ್ ವಸತಿ ಯೋಜನೆಯ 1,008 ಮನೆಗಳಿಗೆ ಬೇರೆ ದಾರಿ ಹಿಡಿದರು. ಕೋಣೆಗೆ ಕೋಣೆಯನ್ನೇ ಅಚ್ಚಿನಲ್ಲಿ ಎರಕ ಹೊಯ್ದು, ಕ್ರೇನ್‌ನಲ್ಲಿ ಎತ್ತಿ ಒಂದರ ಮೇಲೊಂದು ಕೂರಿಸುವ ವಿಧಾನ ಅದು. ಉಕ್ಕಿನ ಅಚ್ಚು ಮತ್ತೆ ಮತ್ತೆ ಬಳಕೆಗೆ ಬರುತ್ತೆ. ಕಾಂಕ್ರೀಟ್ ಅಳತೆಗೆ ತಕ್ಕಷ್ಟೇ. ಕ್ಯೂರಿಂಗ್ ಒಂದೇ ಕಡೆ ನಡೆಯೋದರಿಂದ ಆ ನೀರನ್ನು ಹಿಡಿದಿಟ್ಟು ಮತ್ತೆ ಬಳಸಬಹುದು. ಅಕ್ಕಪಕ್ಕದವರಿಗೆ ಧೂಳೂ ಕಡಿಮೆ.

ಆದರೆ ಸಿಮೆಂಟಿನ ಇಂಗಾಲದ ಹೊರೆ ಇದರಿಂದ ಮಾಯವಾಗಲ್ಲ. ಅಷ್ಟು ಭಾರದ ಕೋಣೆಗಳನ್ನು ನೂರಾರು ಕಿಲೋಮೀಟರ್ ಲಾರಿಯಲ್ಲಿ ಸಾಗಿಸಿದರೆ, ಉಳಿಸಿದ್ದರಲ್ಲಿ ದೊಡ್ಡ ಪಾಲನ್ನು ಡೀಸೆಲ್ ತಿಂದುಬಿಡುತ್ತೆ. ಎರಕದ ಅಂಗಳ ಸೈಟಿಗೆ ಹತ್ತಿರ ಇರಲೇಬೇಕು.